ಸಣ್ಣ ರಾಶಿಯ ಆಟ

ಕುಟುಂಬದವರೆಲ್ಲರೂ ಕೂಡಿ ಓದುವ ಪತ್ರಿಕೆಯಲ್ಲಿ ಇಸ್ಪೀಟಿನ ಮಾತನ್ನು ಎತ್ತಬಹುದೆ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಶಂಕೆ ಅಕಾರಣವಾದುದಲ್ಲ. ಆದರೂ ಶಿವರಾತ್ರಿಯ ಜಾಗರಣೆಗೆಂದು ಒಮ್ಮೆಯಾದರೂ ಎಲೆಯ ಕಟ್ಟನ್ನು ಬಿಚ್ಚದ ಮನೆಗಳು ನಮ್ಮಲ್ಲಿ ಎಷ್ಟಿವೆ? ಮದುವೆಯ ಹಿಂದಿನ ರಾತ್ರಿ ಛತ್ರದ ಮಹಡಿಯ ಮೇಲೆ ಬೀಗರ ಕಡೆಯ ಹಿರಿಯರು ಜಮಖಾನ ಹಾಸಿಕೊಂಡು ಬೆಳಗಿನ ಕಾಫಿ ಬರುವವರೆಗೆ ರಮ್ಮಿಯಾಡಿದುದನ್ನು ಕಾಣದವರು ಯಾರು? ಅದಲ್ಲದೆ ನಮ್ಮದು ಆಟಕ್ಕೆ ಹೆಸರಾದ ಊರು. ಮುಮ್ಮಡಿ ಕೃಷ್ಣರಾಜ ಒಡೆಯರವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವೊಂದಿದೆ. ಅದರಲ್ಲಿ ಛದವೆಂಬ ಎಲೆಯಾಟದ ಹದಿಮೂರು ಬಗೆಗಳು ವರ್ಣಿತವಾಗಿವೆ. ಒಂದಕ್ಕೆ ೩೬ ಎಲೆಗಳು ಸಾಕಾದರೆ ಮತ್ತೊಂದಕ್ಕೆ ೩೬೦ ಬೇಕು. ಅರಮನೆಯ ಎಲೆಗಳಲ್ಲಿ ದೇವತೆಗಳು ಮೆರೆದರು. ನಮ್ಮ ಮನೆಯ ಎಲೆಗಳಲ್ಲಿ ಅಂಚು ಸವೆದ ರಾಜ ರಾಣಿಯರು ಮೆರೆಯುವರು. ಭೇದವಿರುವುದು ಅಷ್ಟೇ.

ನಾವು ಲಷ್ಕರ್ ಮೊಹಲ್ಲಾದವರು. ಲಷ್ಕರೆಂದರೆ ದಂಡು. ದಂಡು ಹೋಗಿ ಹೆಸರು ಮಾತ್ರ ಉಳಿದಿದೆ. ಸಂತ ಫಿಲೋಮಿನಾ ಚರ್ಚಿನ ಜೋಡಿಗೋಪುರಗಳು ನಮ್ಮ ಮೇಲ್ಮಹಡಿಗೆ ಕಾಣುವುವು; ಇತ್ತ ಅಶೋಕ ರಸ್ತೆಗೆ ಇಳಿದರೆ ಚಿನ್ನದಂಗಡಿಗಳೂ ಅವುಗಳ ನಡುನಡುವೆ ಗಿರವಿಯಂಗಡಿಗಳೂ. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುವುದು.

ನಮ್ಮ ಮನೆಯಲ್ಲಿ ಬಹುಕಾಲದಿಂದ ನಡೆದು ಬಂದುದು ನೂರೊಂದರ ರಮ್ಮಿ. ಗೆದ್ದವನಿಗೆ ಸೊನ್ನೆ, ಸೋತವರ ಕೈಯಲ್ಲಿ ಉಳಿದ ಎಲೆಗಳ ಅಂಕವೆಲ್ಲ ಅವರವರ ಹೆಸರಿನ ಕೆಳಗೆ ಏರುತ್ತ ಹೋಗುವುದು, ನೂರೊಂದನ್ನು ಮುಟ್ಟಿದವನು ಎದ್ದು ಹೋಗತಕ್ಕದ್ದು. ಬಂದ ಎಲೆ ಸೊಗಸದಿದ್ದರೆ ಆಡದೆ ಕೆಡವಿಬಿಡಬಹುದು. ಇದಕ್ಕೆ ಸ್ಕೂಟು ಎನ್ನುವರು, ದಂಡ ಇಪ್ಪತ್ತು. ಆಡಿ ಪೂರಾ ಸೋತರೆ ಎಂಬತ್ತರವರೆಗೆ ಬೀಳಬಹುದು. ಈಗ ಒಬ್ಬನ ಲೆಕ್ಕ ಎಂಬತ್ತಕ್ಕೆ ಬಂದಿದೆಯೆನ್ನಿ. ಅವನು ಇನ್ನೊಂದು ಸಲ ಎಲೆ ಕೆಡವಬಹುದು, ನೂರರಲ್ಲಿ ನಿಲ್ಲುವನು. ಎಂಬತ್ತೊಂದಾಗಿದ್ದರೆ ಅದೂ ಇಲ್ಲ. ಬಂದ ಎಲೆ ಎಂತಹುದಾಗಲಿ, ಆಡಿಯೇ ತೀರಬೇಕು. ಒಂದೇ ಒಂದು ಅಂಕದ ಅಂತರದಲ್ಲಿ ಆಟದ ಧರ್ಮವೇ ಬದಲಾಗಿಹೋಯಿತು! ಎಂಬತ್ತರವರೆಗೆ ಕೈ ಬಿಡುವುದು ವಿವೇಕ, ಅಲ್ಲಿಂದ ಮುಂದೆ ಕೈ ಬಿಡುವುದು ಸಾವು. ನಮ್ಮ ತಾಯಿಯವರಿಗೆ ಲೆಕ್ಕಶಾಸ್ತ್ರದ ಗಂಧವಿಲ್ಲದಿದ್ದರೂ ಇದು ಚೆನ್ನಾಗಿ ತಿಳಿದಿತ್ತು. ಅರವತ್ತು ದಾಟಿತೆಂದರೆ ಅವರ ಆಟದ ವರಸೆಯೇ ಬೇರೆಯಾಗುತ್ತಿತ್ತು.

ಈಚೆಗೆ ಹುಡುಗರು ಹಚ್ಚಿಕೊಂಡಿರುವ ಪೋಕರೆಂಬ ಆಟದ ಪಂದ್ಯಾವಳಿಗಳಲ್ಲಿ ಇದೇ ಸಂಕಟವು ಇನ್ನೂ ಕಠಿನವಾದ ರೂಪದಲ್ಲಿ ಬರುವುದು. ನಮಗೆ ಅದನ್ನು ಕಲಿಸಿದವನು ನಮ್ಮ ತಂಗಿಯ ಮಗ. ಅಡಿಗೆಮನೆಯ ಡಬ್ಬಿಯಿಂದ ಹುಣಸೆಬೀಜಗಳನ್ನು ಸುರುವಿಕೊಂಡು, ಬೀಜವೊಂದಕ್ಕೆ ನೂರು ಎಂದು ಬೆಲೆ ಕಟ್ಟಿ, ನಮ್ಮನ್ನೂ ಅವನ ತಾಯಿಯನ್ನೂ ಎದುರಿಗೆ ಕೂರಿಸಿಕೊಂಡು ಮೂರು ಭಾನುವಾರ ಪಾಠ ಹೇಳಿದನು. ಅವನು ಒಳ್ಳೆಯ ಉಪಾಧ್ಯಾಯನಾಗುತ್ತಿದ್ದನೆಂದು ನಮಗೆ ಈಗಲೂ ತೋರುವುದು.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಒಬ್ಬೊಬ್ಬನಿಗೂ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದಂತೆ ಐದು ತೆರೆದ ಎಲೆಗಳು ಹಂತಹಂತವಾಗಿ ಬೀಳುವುವು. ಏಳರಲ್ಲಿ ಐದನ್ನಾರಿಸಿ ಕಟ್ಟಿದ ಕೈ ಯಾರದು ಉತ್ತಮವೋ ಅವನಿಗೆ ಪಣ. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಪಣವಿಡಬೇಕು, ಇದಕ್ಕೆ ಬ್ಲೈಂಡೆನ್ನುವರು. ಒಂದು ಸಣ್ಣದು, ಒಂದು ದೊಡ್ಡದು. ಸರದಿಯಂತೆ ಎಲ್ಲರ ಮೇಲೂ ಬರುವುದು. ಇದರ ಜೊತೆಗೆ ಪ್ರತಿಯೊಬ್ಬನೂ ಪ್ರತಿ ಸಲವೂ ತೆರುವ ಚಿಲ್ಲರೆ ಕಂದಾಯವೊಂದುಂಟು. ಪಂದ್ಯಾವಳಿಯಲ್ಲಿ ಪ್ರವೇಶದ ಹಣವನ್ನು ಒಮ್ಮೆ ಕಟ್ಟಿದರೆ ಎಲ್ಲರಿಗೂ ಸಮನಾಗಿ ಬಿಲ್ಲೆಗಳನ್ನು ಕೊಡುವರು. ಈ ಬಿಲ್ಲೆಗಳನ್ನು ಮತ್ತೆ ಹಣವಾಗಿ ಮಾರ್ಪಡಿಸುವಂತಿಲ್ಲ. ಬಿಲ್ಲೆ ತೀರಿದವನು ಹೊರಗೆ. ಕೊನೆಗೆ ಉಳಿದ ಕೆಲವರಿಗೆ ಬಹುಮಾನ. ಆಟವು ಮುಗಿಯಲೇಬೇಕಾದುದರಿಂದ ಕಡ್ಡಾಯದ ಪಣವನ್ನು ಇಷ್ಟಿಷ್ಟು ಹೊತ್ತಿಗೊಮ್ಮೆ ಏರಿಸುತ್ತ ಹೋಗುವರು. ನಿನ್ನೆಯ ಕಂದಾಯ ಇಂದು ಇಮ್ಮಡಿ.

ಬಿಲ್ಲೆಗಳು ಕರಗಿ ರಾಶಿ ಚಿಕ್ಕದಾದವನು ಏನು ಮಾಡಬೇಕು? ಇದೇ ನಮ್ಮ ವಿಷಯ.

ಮೊದಲನೆಯದಾಗಿ ರಾಶಿಯು ಸಣ್ಣದೋ ದೊಡ್ಡದೋ ಎಂಬುದನ್ನು ಬಿಲ್ಲೆಯ ಎಣಿಕೆಯಿಂದ ತಿಳಿಯಲಾಗದು. ಸುತ್ತೊಂದಕ್ಕೆ ಎಷ್ಟು ಖರ್ಚು ಎಂಬುದರಿಂದ ಅದನ್ನು ಭಾಗಿಸಬೇಕು. ಗಣಿತಜ್ಞರೂ ಬ್ಯಾಕ್‌ಗ್ಯಾಮನ್ ಪಗಡೆಯಲ್ಲಿ ನಿಸ್ಸೀಮರೂ ಆಗಿದ್ದ ಪಾಲ್ ಮ್ಯಾಗ್ರಿಯೆಲ್ ಎಂಬವರ ಹೆಸರಿನ ಮೊದಲಕ್ಷರದಿಂದ ಈ ಭಾಗಲಬ್ಧವನ್ನು ‘ಎಂ’ ಎನ್ನುವರು. ೧೯೯೫ರಲ್ಲಿ ಪೋಕರಿನ ಜಗತ್‌ಪಂದ್ಯವನ್ನು ಗೆದ್ದ ಡ್ಯಾನ್ ಹ್ಯಾರಿಂಗ್‌ಟನ್ನರು ೨೦೦೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಎರಡನೆಯ ಸಂಪುಟದಲ್ಲಿ ಇದಕ್ಕೆ ಬಣ್ಣಗಳನ್ನು ಹಚ್ಚಿದರು. ಇಪ್ಪತ್ತರ ಮೇಲಿದ್ದರೆ ಹಸಿರು. ಹತ್ತರಿಂದ ಇಪ್ಪತ್ತು ಹಳದಿ. ಆರರಿಂದ ಹತ್ತು ಕಿತ್ತಳೆ. ಐದಕ್ಕೆ ಇಳಿದರೆ ಕೆಂಪು. ಒಂದಕ್ಕೂ ಕೆಳಗಾದರೆ ಸತ್ತಂತೆ. ಮನೆ ನಡೆಸುವ ಗೃಹಿಣಿಯರಿಗೆ ಈ ಲೆಕ್ಕವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಡಬ್ಬಿಯಲ್ಲಿ ಎಷ್ಟು ಅಕ್ಕಿಯಿದೆಯೆಂದು ಕೇಳಿದರೆ ಅವರು ಸೇರಿನ ಲೆಕ್ಕ ಹೇಳುವರೆ? ‘ಇನ್ನು ನಾಲ್ಕು ದಿನಕ್ಕಾಗುತ್ತದೆ’ ಎನ್ನುವರು. ಎಂ ಎಂದರೆ ಅದೇ.

ಉದಾಹರಣೆಗೆ, ಮೇಜಿನಲ್ಲಿ ಎಂಟು ಜನ. ಸಣ್ಣ ಬ್ಲೈಂಡು ೫೦೦, ದೊಡ್ಡದು ೧,೦೦೦, ತಲೆಗೆ ೧೦೦ರಂತೆ ೮೦೦, ಒಟ್ಟು ೨,೩೦೦. ನಮ್ಮ ಬಳಿ ಇರುವುದು ೧೨,೦೦೦. ಭಾಗಿಸಿದರೆ ಐದಕ್ಕಿಂತ ತುಸು ಮೇಲೆ. ಸಾಧುಸ್ವಭಾವದವನು ಇಂತಹ ವೇಳೆಯಲ್ಲಿ ಏನು ಮಾಡುವನು? ಒಳ್ಳೆಯ ಎಲೆ ಬರಲೆಂದು ಕಾಯುವನು. ಒಂದು ಸುತ್ತು ಕಾದರೆ ೯,೭೦೦, ಎರಡಕ್ಕೆ ೭,೪೦೦, ಮೂರಕ್ಕೆ ೫,೧೦೦, ನಾಲ್ಕಕ್ಕೆ ೨,೮೦೦. ಒಂದು ತಪ್ಪನ್ನೂ ಮಾಡಲಿಲ್ಲ, ಒಂದು ಆಟವನ್ನೂ ಸೋಲಲಿಲ್ಲ. ಆದರೂ ಮುಕ್ಕಾಲು ಪಾಲು ಹೋಯಿತು. ಜೋಡಿ ಎಕ್ಕ ಬರುವುದು ೨೨೧ ಸಲಕ್ಕೊಮ್ಮೆ. ಎಂಟು ಜನರ ಸುತ್ತಿನಲ್ಲಿ ಅದು ಇಪ್ಪತ್ತೇಳು ಸುತ್ತಿನ ಮಾತು. ಇವನಿಗಿರುವುದು ಐದು ಸುತ್ತಿನ ಆಯುಸ್ಸು.

ಇಷ್ಟೇ ಆಗಿದ್ದರೆ ‘ಹೇಗೂ ಹೋಗುವುದಾದರೆ ಬೇಗ ಹೋಗಲಿ’ ಎಂಬ ಹತಾಶೆಯ ನೀತಿಯಾಗುತ್ತಿತ್ತು. ಸೂಕ್ಷ್ಮವಿರುವುದು ಇಲ್ಲಿ. ೧೨,೦೦೦ ಇರುವಾಗಲೇ ಅದಷ್ಟನ್ನೂ ಮುಂದಕ್ಕೆ ತಳ್ಳಿದನೆನ್ನಿ. ದೊಡ್ಡ ಬ್ಲೈಂಡು ಕೊಟ್ಟು ಕುಳಿತಿರುವವನು ಎದುರು ನಿಲ್ಲಬೇಕಾದರೆ ಇನ್ನೂ ೧೧,೦೦೦ ಇಡಬೇಕು. ಅದು ಗಿಟ್ಟಬೇಕಾದರೆ ನೂರರಲ್ಲಿ ನಾಲ್ವತ್ತಮೂರು ನಾಲ್ವತ್ತನಾಲ್ಕು ಸಲ ಗೆಲ್ಲುವ ಭರವಸೆ ಬೇಕು. ಸಾಧಾರಣ ಎಲೆಯಾದರೆ ಅಂಜಿ ಕೆಡವುವನು. ಎಲ್ಲರೂ ಕೆಡವಿದರೆ ತಳ್ಳಿದವನಿಗೆ ಎಲೆ ತೋರಿಸದೆಯೇ ೨,೩೦೦ ದಕ್ಕಿತು. ರಾಶಿಯ ಐದನೆಯ ಒಂದು ಪಾಲು ಬೆಳೆಯಿತು, ಒಂದು ಸುತ್ತಿನ ಆಯುಸ್ಸು ಕೂಡಿತು. ಇದೇ ಮನುಷ್ಯನು ಕಾದು ಕಾದು ೨,೮೦೦ಕ್ಕೆ ಇಳಿದ ಮೇಲೆ ತಳ್ಳಿದರೆ? ಎದುರಾಳಿ ಇಡಬೇಕಾದುದು ೧,೮೦೦ ಮಾತ್ರ. ನೂರರಲ್ಲಿ ಇಪ್ಪತ್ತಾರು ಸಲ ಗೆದ್ದರೂ ಅವನಿಗೆ ನಷ್ಟವಿಲ್ಲ. ಎಕ್ಕ ರಾಜರ ಎದುರಿಗೆ ಏಳು ಎರಡರಂತಹ ದರಿದ್ರ ಎಲೆಯೂ ಮೂರರಲ್ಲಿ ಹೆಚ್ಚುಕಡಮೆ ಒಂದು ಸಲ ಗೆಲ್ಲುವುದು. ಆದಕಾರಣ ಅವನು ಎಲೆಯನ್ನು ಸರಿಯಾಗಿ ನೋಡದೆಯೂ ‘ಆಗಲಿ’ ಎನ್ನುವನು. ಸಣ್ಣ ರಾಶಿಗೆ ಇರುವ ಒಂದೇ ಆಯುಧವೆಂದರೆ ಇತರರ ಅಂಜಿಕೆ. ಅಂಜಿಸಲು ಶಕ್ತಿಯಿರುವಾಗ ಅದನ್ನು ಬಳಸದವನು ಅದು ಕಳೆದ ಮೇಲೆ ಬಳಸಿ ಪ್ರಯೋಜನವಿಲ್ಲ.

ಇದರಿಂದ ಹುಡುಗನು ಇನ್ನೆರಡು ಸೂತ್ರಗಳನ್ನು ಎಳೆದು ತೋರಿಸಿದನು. ತಳ್ಳುವವನಿಗೆ ಗೆಲ್ಲಲು ಎರಡು ದಾರಿ: ಇತರರು ಹೆದರಬಹುದು, ಇಲ್ಲವೆ ತನ್ನ ಎಲೆಯೇ ಮೇಲಾಗಬಹುದು. ಒಪ್ಪಿ ಎದುರು ನಿಲ್ಲುವವನಿಗೆ ದಾರಿ ಒಂದೇ. ಆದ್ದರಿಂದ ಎಕ್ಕ ಐದನ್ನು ಹಿಡಿದು ತಾನಾಗಿ ತಳ್ಳಬಹುದು, ಆದರೆ ಅದೇ ಎಲೆಯನ್ನು ನಂಬಿ ಇನ್ನೊಬ್ಬನು ತಳ್ಳಿದುದಕ್ಕೆ ಒಪ್ಪುವುದು ಅನೇಕ ಸಲ ತಪ್ಪು. ಎರಡನೆಯದು ಸ್ಥಾನದ ವಿಚಾರ. ತನ್ನ ಹಿಂದೆ ಮಾತಾಡಬೇಕಾದವರು ಏಳು ಮಂದಿ ಇದ್ದರೆ ಅವರಲ್ಲಿ ಒಬ್ಬನಿಗಾದರೂ ಗಟ್ಟಿ ಎಲೆ ಬಂದಿರುವ ಸಂಭವ ಹೆಚ್ಚು. ಎಲ್ಲರೂ ಕೆಡವಿ ಇಬ್ಬರೇ ಉಳಿದಿದ್ದರೆ ಎಂತೆಂತಹ ಎಲೆಗೂ ಧೈರ್ಯ ಮಾಡಬಹುದು. ಜೋಡಿಯೋ ಎಕ್ಕವೋ ಇರುವ ಕೈ ಸುಮಾರು ಐದಕ್ಕೊಂದು ಸಲ ಬರುವುದಾದುದರಿಂದ ಕೆಂಪಿನಲ್ಲಿರುವವನು ಸುತ್ತೊಂದರೊಳಗೆ ತಕ್ಕ ಸಮಯವೊಂದನ್ನು ಸಾಮಾನ್ಯವಾಗಿ ಕಾಣುವನು. ಮಾಡಬಾರದುದೆಂದರೆ ಅರ್ಧಂಬರ್ಧ. ಮೂರನೆಯ ಒಂದು ಪಾಲನ್ನು ಇಟ್ಟು, ಯಾರಾದರೂ ಗದರಿಸಿದೊಡನೆ ಎಲೆ ಕೆಡವಿ ಕೂರುವವನ ಸ್ಥಿತಿಯು ಅರ್ಧ ಬಾವಿ ತೋಡಿ ನಿಲ್ಲಿಸಿದವನಂತೆ. ಹಣವೂ ಹೋಯಿತು, ನೀರೂ ಇಲ್ಲ.

ಈ ವಿದ್ಯೆಯವರ ಬಾಯಲ್ಲಿ ಒಂದು ಕಥೆ ಸದಾ ಇರುವುದು. ೧೯೮೨ರಲ್ಲಿ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ನಡೆದ ಜಗತ್‌ಪಂದ್ಯದಲ್ಲಿ ಜ್ಯಾಕ್ ಸ್ಟ್ರೌಸ್ ಎಂಬ ಆರೂವರೆ ಅಡಿಯ ಆಳು ಎಲ್ಲವನ್ನೂ ಸೋತೆನೆಂದು ಏಳುವಾಗ ಕೈವಸ್ತ್ರದ ಕೆಳಗೆ ಐನೂರರ ಬಿಲ್ಲೆಯೊಂದು ಸಿಕ್ಕಿತಂತೆ. ಅದನ್ನು ಹಿಡಿದು ಮತ್ತೆ ಕುಳಿತವನು ೧೦೪ ಮಂದಿಯನ್ನೊಳಗೊಂಡ ಆ ಪಂದ್ಯವನ್ನೇ ಗೆದ್ದು ೫,೨೦,೦೦೦ ಡಾಲರುಗಳನ್ನು ಪಡೆದನು. ‘ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು’ ಎಂಬ ಗಾದೆ ಇದರಿಂದ ಹರಡಿತು. ಕಥೆ ಸೊಗಸಾಗಿದೆ. ಆದರೆ ಆ ಕಥೆಯನ್ನು ಕೇಳಿದ ಸಾವಿರ ಮಂದಿಯಲ್ಲಿ ಎಷ್ಟು ಜನ ಕೈವಸ್ತ್ರವನ್ನೆತ್ತಿ ಬರಿಯ ಮೇಜನ್ನು ಕಂಡರೆಂಬುದನ್ನು ಯಾರೂ ಬರೆದಿಡುವುದಿಲ್ಲ.

ಇಲ್ಲಿ ನಮ್ಮೂರಿನ ಇನ್ನೊಂದು ಕಥೆ ನೆನಪಾಗುವುದು, ವಾಚಕರು ಕ್ಷಮಿಸಬೇಕು. ಮೇಲೆ ಹೇಳಿದ ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ ೧೮೩೧ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ಕಿತ್ತುಕೊಂಡರು. ಉಳಿದುದು ಅರಮನೆ, ವರ್ಷಾಶನ, ರಾಜನೆಂಬ ಹೆಸರು. ಒಂದು ಬಿಲ್ಲೆ, ಒಂದು ಕುರ್ಚಿ ಎಂದರೂ ಸರಿಯೆ. ಅವರು ಏನು ಮಾಡಿದರು? ಬಿನ್ನವತ್ತಳೆಗಳನ್ನು ಬರೆದರು, ಗ್ರಂಥಗಳನ್ನು ಬರೆಯಿಸಿದರು, ಚದುರಂಗದ ಬಂಧಗಳನ್ನು ಬಿಡಿಸಿದರು, ಕಾದರು. ೧೮೬೫ರಲ್ಲಿ ದತ್ತು ಸ್ವೀಕರಿಸಿದರು. ೧೮೬೭ರಲ್ಲಿ ಸರ್ಕಾರವು ಆ ದತ್ತನ್ನು ಒಪ್ಪಿತು. ಮರುವರ್ಷ ಅವರು ತೀರಿಕೊಂಡರು. ೧೮೮೧ರಲ್ಲಿ ರಾಜ್ಯವು ಆ ದತ್ತುಪುತ್ರರಿಗೆ ಹಿಂತಿರುಗಿತು. ಐವತ್ತು ವರ್ಷದ ಆಟ! ಹುಡುಗನ ಸೂತ್ರದಂತೆ ಅವರೂ ಇದ್ದುದೆಲ್ಲವನ್ನೂ ಮುಂದಕ್ಕೆ ತಳ್ಳಿದ್ದರೆ ಇಂದು ಮೈಸೂರಿನ ಚರಿತ್ರೆ ಬೇರೆ ಬಗೆಯದಾಗುತ್ತಿತ್ತು. ಅವರು ಕಾದುದು ಅಂಜಿಕೆಯಿಂದಲ್ಲ. ಅವರ ಕುರ್ಚಿಗೆ ಸುತ್ತಿಗಿಷ್ಟೆಂಬ ಕಂದಾಯವಿರಲಿಲ್ಲ. ಕಾಯುವುದರಿಂದ ರಾಶಿ ಕರಗುತ್ತಿರಲಿಲ್ಲ. ಸಣ್ಣ ರಾಶಿಯವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನಗೆ ಧೈರ್ಯವಿದೆಯೆ?’ ಎಂಬುದಲ್ಲ, ‘ಕಾದರೆ ನನಗೆ ಏನು ಖರ್ಚು?’ ಎಂಬುದು.

ಪಂದ್ಯಾವಳಿಯ ಒಳಗೂ ಈ ಪ್ರಶ್ನೆಗೆ ಉತ್ತರ ಒಂದೇ ತೆರನಾಗಿ ಇರುವುದಿಲ್ಲ. ಮೂವರು ಉಳಿದಿದ್ದಾರೆ, ಬಹುಮಾನ ನೂರರಲ್ಲಿ ಐವತ್ತು, ಮೂವತ್ತು, ಇಪ್ಪತ್ತು. ಬಿಲ್ಲೆಗಳು ಕ್ರಮವಾಗಿ ಐದು ಸಾವಿರ, ಮೂರು ಸಾವಿರ, ಎರಡು ಸಾವಿರ. ಈಗಲೇ ಆಟ ನಿಲ್ಲಿಸಿ ಹಣ ಹಂಚಿಕೊಳ್ಳುವುದಾದರೆ ಯಾರಿಗೆಷ್ಟು ನ್ಯಾಯ? ಬಿಲ್ಲೆಯಂತೆ ಹಂಚಿದರೆ ಎರಡು ಸಾವಿರದವನಿಗೆ ಇಪ್ಪತ್ತು. ಆದರೆ ಅವನಿಗೆ ಕಡೆಯ ಸ್ಥಾನದ ಇಪ್ಪತ್ತು ಹೇಗೂ ಖಂಡಿತ. ಮೇಲಿನ ಸ್ಥಾನಗಳ ಆಸೆ ಅದರ ಮೇಲೆ. ಕುದುರೆಪಂದ್ಯದಲ್ಲಿ ಎರಡನೆಯ ಮೂರನೆಯ ಸ್ಥಾನಗಳ ಸಂಭವವನ್ನು ಎಣಿಸಲು ೧೯೭೩ರಲ್ಲಿ ಡೇವಿಡ್ ಹಾರ್ವಿಲ್ ಎಂಬವರು ಕೊಟ್ಟ ಸೂತ್ರವನ್ನೇ ಇಲ್ಲಿಗೂ ಹಚ್ಚುವರು. ಲೆಕ್ಕ ಹಾಕಿದರೆ ಸಣ್ಣವನಿಗೆ ೨೮.೮೬, ನಡುವಿನವನಿಗೆ ೩೨.೭೫, ಅರ್ಧ ಬಿಲ್ಲೆಗಳನ್ನು ಹಿಡಿದ ದೊಡ್ಡವನಿಗೆ ೩೮.೩೯ ಮಾತ್ರ. ಇದನ್ನು ನಾವು ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆವು, ಸರಿಯಾಗಿದೆ. ಇದರ ಅರ್ಥವೇನು? ಬಡವನ ಬಿಲ್ಲೆಗೆ ಸಿರಿವಂತನ ಬಿಲ್ಲೆಗಿಂತ ಬೆಲೆ ಹೆಚ್ಚು. ಕಳೆದುಕೊಂಡ ಸಾವಿರದ ನೋವು ಗಳಿಸಿದ ಸಾವಿರದ ಸುಖಕ್ಕಿಂತ ಮಿಗಿಲು. ಆದುದರಿಂದ ಪಕ್ಕದವನೊಬ್ಬನು ತನಗಿಂತ ಬೇಗ ಮುಳುಗುವಂತಿದ್ದರೆ ಒಳ್ಳೆಯ ಎಲೆಯನ್ನೂ ಕೆಡವಿ ಸುಮ್ಮನಿರುವುದು ಲೇಸು. ತಳ್ಳುವ ಸೂತ್ರಕ್ಕೆ ಈ ಸೂತ್ರವು ಕಡಿವಾಣ.

ನಮ್ಮ ತಂಗಿಯ ಮಗನಿಗೆ ಇದೆಲ್ಲವೂ ಗೊತ್ತಿತ್ತು. ಅವನಿಗೆ ತಿಳಿಯದೆ ಕೆಟ್ಟನೆಂದು ಹೇಳುವಂತಿಲ್ಲ. ಸ್ವಲ್ಪ ಹಣದ ಪ್ರವೇಶವಿದ್ದ ಪಂದ್ಯಾವಳಿಗಳನ್ನು ಕೈಫೋನಿನಲ್ಲಿ ಆಡಿ ಒಂದೆರಡು ಸಲ ಗೆದ್ದು, ತಾಯಿಗೆ ಮಿಕ್ಸಿಯೊಂದನ್ನು ಕೊಂಡುಕೊಟ್ಟಿದ್ದನು. ಆಮೇಲೆ ಪಂದ್ಯಾವಳಿಯನ್ನು ಬಿಟ್ಟು ನೇರವಾಗಿ ಹಣವೊಡ್ಡುವ ಮೇಜುಗಳಿಗೆ ಹೋದನು. ಅಲ್ಲಿ ಬಿಲ್ಲೆಯೆಂದರೆ ರೂಪಾಯಿಯೇ. ತೀರಿದರೆ ಮತ್ತೆ ಕೊಳ್ಳಬಹುದು. ಪ್ರತಿ ಪಣದಿಂದಲೂ ಆಡಿಸುವವನು ತನ್ನ ಪಾಲನ್ನು ಎತ್ತಿಕೊಳ್ಳುವನು. ಒಂದು ತಿಂಗಳ ಇಪ್ಪತ್ತನೆಯ ತಾರೀಖಿಗೆ ಸಂಬಳದಲ್ಲಿ ನಾಲ್ಕು ಸಾವಿರ ಉಳಿದಿತ್ತಂತೆ. ಮನೆಯ ಬಾಡಿಗೆಯ ಪಾಲು, ಬೈಕಿನ ಕಂತು, ಒಂದನೆಯ ತಾರೀಖಿಗೆ ಕೊಡಬೇಕಾದ ಕೈಸಾಲ. ಅವನು ಭಾಗಿಸಿದನು. ಎಂ ಒಂದಕ್ಕೂ ಕೆಳಗೆ ಬಂದಿತು. ತಳ್ಳಿದನು.

ಆಮೇಲಿನದು ಎಲ್ಲ ಮನೆಗಳ ಕಥೆಯಂತೆಯೇ. ಗೆಳೆಯರಲ್ಲಿ ಸಾಲ, ಫೋನಿನಲ್ಲೇ ಕೊಡುವ ಬಡ್ಡಿಯ ಸಾಲ, ಕೊನೆಗೆ ತಾಯಿಯ ಬಳೆಗಳು. ಮೊದಲು ಎರಡು, ಎರಡು ತಿಂಗಳ ಮೇಲೆ ಇನ್ನೆರಡು. ಅಶೋಕ ರಸ್ತೆಗೆ ನಮ್ಮ ಮನೆಯಿಂದ ಐದು ನಿಮಿಷದ ನಡಿಗೆ. ಬಳೆಗಳನ್ನು ಪಾಲಿಷಿಗೆ ಕೊಟ್ಟಿರುವೆನೆಂದು ಹೇಳಿದ್ದನು. ಗೌರಿಹಬ್ಬದ ಹಿಂದಿನ ದಿನ ತಂಗಿಯು ಬರಿಗೈಯಲ್ಲಿ ನಮ್ಮಲ್ಲಿಗೆ ಬಂದು, ಅಳದೆ, ಬಾಗಿನದ ಮೊರಗಳನ್ನು ಒರೆಸುತ್ತ, “ಅಣ್ಣ, ನನಗೆ ಒಂದೇ ಒಂದು ಹೇಳು. ಇವನು ಬುದ್ಧಿವಂತನೋ ದಡ್ಡನೋ?” ಎಂದಳು.

ಹುಡುಗನನ್ನು ಕರೆದು ಕೇಳಿದೆವು. ಅವನು ತಲೆ ತಗ್ಗಿಸಿಯೇ ಹೇಳಿದನು: “ಮಾವ, ನಾನು ಲೆಕ್ಕ ತಪ್ಪಲಿಲ್ಲ. ಕಾದರೂ ಕರಗುತ್ತಿತ್ತು. ಇದ್ದಾಗಲೇ ತಳ್ಳಬೇಕಲ್ಲವೆ? ನೀವೇ ಒಪ್ಪಿದ್ದಿರಿ.”

ನಾವು ಒಪ್ಪಿದ್ದುದು ಹುಣಸೆಬೀಜದ ವಿಷಯದಲ್ಲಿ. ಆದರೂ ಅವನ ಮಾತನ್ನು ಹುಡುಗಾಟವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಎಷ್ಟೋ ಮಂದಿ ಬುದ್ಧಿವಂತ ಹುಡುಗರು ಕೆಡುವುದು ಮೂರ್ಖತನದಿಂದಲ್ಲ, ಒಂದು ಮೇಜಿನ ಮೇಲೆ ಸರಿಯಾದ ಲೆಕ್ಕವನ್ನು ಇನ್ನೊಂದು ಮೇಜಿಗೆ ಹೊತ್ತು ತಂದುದರಿಂದ. ಪಂದ್ಯಾವಳಿಯಲ್ಲಿ ಎಲ್ಲವನ್ನೂ ತಳ್ಳುವುದು ಏಕೆ ಸರಿ? ಅಲ್ಲಿ ‘ಎಲ್ಲ’ ಎಂಬುದು ಎಲ್ಲವಲ್ಲ. ಕೊಟ್ಟ ಹಣವು ಮೊದಲೇ ಹೋಗಿದೆ. ಬಿಲ್ಲೆ ಹೋದರೆ ಕುರ್ಚಿಯನ್ನು ಬಿಟ್ಟು ಎದ್ದು ಬಂದು ಊಟ ಮಾಡಿ ಮಲಗಬಹುದು. ಬರುವ ವಾರ ಇನ್ನೊಂದು ಪಂದ್ಯ, ಮತ್ತೆ ಸಮನಾದ ಬಿಲ್ಲೆ. ಮನೆಯೆಂಬ ಮೇಜಿನಿಂದ ಎದ್ದು ಹೋಗುವುದು ಎಲ್ಲಿಗೆ? ಎರಡನೆಯದಾಗಿ, ಅಲ್ಲಿ ಎದುರಾಳಿಗಳು ಅಂಜುವರು. ತಳ್ಳುವಿಕೆಯ ಅರ್ಧ ಬಲ ಆ ಅಂಜಿಕೆಯಲ್ಲಿದೆ. ಮನೆಯ ಬಾಡಿಗೆಯನ್ನು ಯಾರು ಅಂಜಿಸಬಲ್ಲರು? ಬೈಕಿನ ಕಂತು ಎಲೆ ಕೆಡವಿ ಹಿಂದಕ್ಕೆ ಸರಿಯುವುದೆ? ಮೂರನೆಯದು ನಾವು ಅವನಿಗೆ ಕಾಗದದ ಮೇಲೆಯೇ ತೋರಿಸಿದುದು. ಸಣ್ಣವನ ಬಿಲ್ಲೆಗೆ ಬೆಲೆ ಹೆಚ್ಚು ಎಂದು ಅವನ ಶಾಸ್ತ್ರವೇ ಹೇಳುವುದಲ್ಲ, ಆ ನಾಲ್ಕು ಸಾವಿರವು ನಲವತ್ತು ಸಾವಿರವಿದ್ದವನ ನಾಲ್ಕು ಸಾವಿರಕ್ಕಿಂತ ಎಷ್ಟು ಪಾಲು ಹೆಚ್ಚಿನದು? ಅದರಲ್ಲಿ ಹತ್ತು ದಿನದ ಹಾಲು, ತರಕಾರಿ, ಬಸ್ಸು ಎಲ್ಲವೂ ಇದ್ದುವು. ಒಂದನೆಯ ತಾರೀಖಿಗೆ ಸಂಬಳವು ಬರುವುದಿತ್ತು. ಸಾಲಗಾರನಿಗೆ ಹತ್ತು ದಿನ ತಡವಾಗುವುದೆಂದು ಹೇಳಿ ಮುಖಭಂಗ ಪಡುವುದೇ ಆ ಕಾಯುವಿಕೆಯ ಖರ್ಚು. ಅದನ್ನು ಅವನು ಲೆಕ್ಕಕ್ಕೆ ಹಿಡಿಯುವಾಗ ಬೆಟ್ಟದಷ್ಟು ಹಿಡಿದಿದ್ದನು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮುಖಭಂಗವು ಹಾಗೆಯೇ ಕಾಣುವುದು.

ತಂಗಿಗೆ ನಾವು ಕೊಟ್ಟ ಉತ್ತರ: “ಬುದ್ಧಿವಂತನೇ. ಅದಕ್ಕೇ ನಾಲ್ಕು ಬಳೆ ಹೋಯಿತು. ದಡ್ಡನಾಗಿದ್ದರೆ ಎರಡಕ್ಕೆ ನಿಲ್ಲಿಸುತ್ತಿದ್ದ.” ಅವಳು ನಗಲಿಲ್ಲ.

ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ಚರ್ಚೆಯು ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ ಹೇಳಿದುದು ೧೯೬೭–೬೮ರ ಮಾತು. ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೩ರಲ್ಲಿ ಪೋಕರಿಗೂ, ಕೌಶಲದ ಆಟವಾಗಿ ಆಡುವ ಪಕ್ಷದಲ್ಲಿ, ಅದೇ ಬಗೆಯ ಅನುಕೂಲವನ್ನು ತೋರಿತು. ೨೦೨೧ರಲ್ಲಿ ರಾಜ್ಯಸರ್ಕಾರವು ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನಿನಲ್ಲಿ ಹಣವೊಡ್ಡುವುದನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಶಾಸನವನ್ನು ಮಾಡಿ, ಕೌಶಲವೋ ಅದೃಷ್ಟವೋ ಎಂಬ ಭೇದವನ್ನು ಎಣಿಸದೆ, ಆನ್‌ಲೈನಿನ ಹಣದಾಟಗಳೆಲ್ಲವನ್ನೂ ನಿಷೇಧಿಸಿತು. ವಕೀಲರು ಇನ್ನೂ ವಾದಿಸಲಿ. ನಮ್ಮ ಮಟ್ಟಿಗೆ ಹೇಳುವುದಾದರೆ, ಆಟದಲ್ಲಿ ಕೌಶಲವಿರುವುದು ನಿಜ. ನಾವು ಕಣ್ಣಾರೆ ಕಂಡಿದ್ದೇವೆ. ಕೌಶಲವಿದೆಯೆಂಬುದೇ ಅದರ ಅಪಾಯ. ಅಂದರ್ ಬಾಹರಿನಲ್ಲಿ ಸೋತವನು ಹಣೆಬರಹವನ್ನು ಬೈದು ಏಳುವನು. ಇಲ್ಲಿ ಸೋತವನು ಇನ್ನೂ ಚೆನ್ನಾಗಿ ಆಡಬೇಕಾಗಿತ್ತೆಂದು ಮತ್ತೆ ಕೂರುವನು.

ಶಾಸನ ಬರುವುದಕ್ಕೆ ಮುಂಚೆಯೇ ಹುಡುಗನು ತಾನಾಗಿ ಕೇಳಿಕೊಂಡು ಸಂಬಳವನ್ನು ತಾಯಿಯ ಲೆಕ್ಕಕ್ಕೆ ಹಾಕಿಸಿದನು. ಅವಳು ದಿನಕ್ಕಿಷ್ಟೆಂದು ಕೊಡುವಳು. ಮೊದಲ ತಿಂಗಳುಗಳಲ್ಲಿ ಅವನು ನಮ್ಮ ಕಡೆಗೆ ಬರಲು ಸಂಕೋಚಪಟ್ಟನು. ಈಗ ಭಾನುವಾರ ಸಾಯಂಕಾಲ ಬರುತ್ತಾನೆ. ನೂರೊಂದರ ಆಟವು ನಡೆಯುವುದು. ಎಂಬತ್ತೊಂದು ಮುಟ್ಟಿದರೆ ಅವನ ಮುಖವು ಈಗಲೂ ಬಿಗಿಯುವುದನ್ನು ನಾವು ಗಮನಿಸಿದ್ದೇವೆ. ತಂಗಿಯೂ ಗಮನಿಸುವಳು, ಎಲೆ ಹಂಚುತ್ತಲೇ. ಬಳೆಗಳ ಮೊದಲ ಜೋಡಿಯನ್ನು ಹೋದ ಯುಗಾದಿಗೆ ಬಿಡಿಸಿ ತಂದದ್ದಾಯಿತು. ಎರಡನೆಯ ಜೋಡಿಯ ಗಿರವಿಚೀಟಿಯು ಅವರ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗಿದೆ. ಈ ತಿಂಗಳ ಬಡ್ಡಿಯನ್ನು ಮೊನ್ನೆ ಅವನೇ ಹೋಗಿ ಕಟ್ಟಿಬಂದನು.